ನಡುಗುವ ಹಲಗೆಯೂ ಫುಟ್‌ಬಾಲ್ ಆಡುವ ಹುಡುಗನೂ



ಹೋದ ವಾರ ಬಿಪಿ ಮತ್ತು ಉಪ್ಪಿನ ಬಗ್ಗೆ ಬರೆದಿದ್ದೆ. ಈ ವಾರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಸರದಿ ಎಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕುತ್ತಿದ್ದೇನೆ, ಕ್ಷಮಿಸಿ. ಕಾರಣ ನನ್ನ ಒಪಿಡಿಗೆ ಬಂದ ಒಂದು ಮನೆಯವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಮಾತ್ರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೂಲ ವಿಜಯಪುರ ಜಿಲ್ಲೆ. ಈಗ ಹದಿನೆಂಟು ವರ್ಷದಿಂದ ಪುಣೆ ಹತ್ತಿರದ ಚಿಂಚ್‌ವಡದಲ್ಲಿ ವಾಸ. ತಂದೆಗೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಒಬ್ಬನೇ ಮಗ, ಹದಿನೈದು ವರ್ಷ. ಊರಲ್ಲಿ ಎಲ್ಲರೂ ಕ್ರಿಕೆಟ್ ಎಂದರೆ ಇವನಿಗೆ ಫುಟ್‌ಬಾಲ್ ಹುಚ್ಚು. ಅಕಾಡೆಮಿ ಸೇರಿ ನಾಲ್ಕು ವರ್ಷವಾಗಿದೆ.

"ಡಾಕ್ಟರ್ರೀ, ನಿಮ್ಮ ಲೇಖನ ನಮ್ಮ ಗ್ರೂಪಿನ್ಯಾಗ ಬರ್ತಾವ್ರಿ. ಅದಕ್ಕ ನಿಮ್ಮನ್ನ ಒಂದು ಮಾತು ಕೇಳೂಣು ಅಂತ ಬಂದ್ವಿ" ಎಂದರು ತಂದೆ. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ತೂಕದ ಕಾಟಾದಂಥ ದಪ್ಪ ಹಲಗೆ, ಮುಂದೆ ಹಿಡಿಕೆ, ಮೇಲೆ ಬಟನ್ನುಗಳು. ವೈಬ್ರೇಷನ್ ಮಷಿನ್. "ಕೋಚ್ ಸರ್ ಹೇಳ್ಯಾರ್ರಿ, ಇದರ ಮ್ಯಾಲ ದಿನಾ ಹತ್ತು ನಿಮಿಷ ನಿಂತ್ರ ಕಾಲಿಗೆ ತಾಕತ್ತು ಬರ್ತದಂತ, ಓಟ ಜೋರಾಗ್ತದಂತ. ಮೂವತ್ತೆಂಟು ಸಾವಿರ. ಕಂತಿನ ಮ್ಯಾಲ ಕೊಡ್ತಾರ. ಕೊಡಸೂಣೇನ್ರಿ?"

ಹೃದಯದ ಡಾಕ್ಟರಿಗೆ ಇದೆಂಥ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಇದೇ ಮಷಿನ್ ಬಗ್ಗೆ ಮುಂಬೈ, ಹೈದರಾಬಾದ್, ಚೆನ್ನೈನಿಂದಲೂ ನನಗೆ ಸಂದೇಶ ಬಂದಿವೆ. ಕೆಲವರು ಮಕ್ಕಳ ಆಟಕ್ಕೆ ಕೇಳುತ್ತಾರೆ, ಕೆಲವರು ಹೊಟ್ಟೆ ಕರಗಿಸಲು, ಕೆಲವರು ಅಮ್ಮನ ಮೂಳೆ ಸವೆತಕ್ಕೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಇದು ಕೆಲಸ ಮಾಡುವುದು ಹೇಗೆ ಎಂಬುದು.

ನಮ್ಮ ಊರಿನ ಕೆಂಪು ಬಸ್ಸಿನಲ್ಲಿ, ಸೀಟು ಸಿಗದೆ ಹಿಂದೆ ನಿಂತು ಪ್ರಯಾಣ ಮಾಡಿದ್ದೀರಲ್ಲ? ರಸ್ತೆ ಕೆಟ್ಟಿದ್ದಾಗ ಮೊಣಕಾಲು ತಾನಾಗಿ ತುಸು ಬಾಗುತ್ತದೆ, ತೊಡೆ ಬಿಗಿಯುತ್ತದೆ. ನೀವು ಯೋಚಿಸಿ ಮಾಡಿದ್ದಲ್ಲ ಅದು. ಪ್ರತಿ ಸ್ನಾಯುವಿನೊಳಗೂ ಕದಿರಿನಾಕಾರದ ಸಣ್ಣ ಸಣ್ಣ ತಂತುಗಳಿವೆ. ಸ್ನಾಯು ಎಷ್ಟು ಎಳೆಯಲ್ಪಟ್ಟಿತು, ಎಷ್ಟು ವೇಗವಾಗಿ ಎಳೆಯಲ್ಪಟ್ಟಿತು ಎಂದು ಬೆನ್ನುಹುರಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಡಾಕ್ಟರು ಮೊಣಕಾಲ ಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಇದರಿಂದಲೇ. ಆ ಸುತ್ತಿಗೆ ಸೆಕೆಂಡಿಗೆ ಮೂವತ್ತು ಸಲ ತಟ್ಟಿದರೆ ಏನಾಗುತ್ತದೆ? ಸ್ನಾಯು ಬಿಡದೆ ಬಿಗಿಯುತ್ತಲೇ ಇರುತ್ತದೆ. ಸ್ವೀಡನ್ನಿನ ಎಕ್ಲುಂಡ್ ಮತ್ತು ಹಾಗ್‌ಬಾರ್ಥ್ ಎಂಬ ವಿಜ್ಞಾನಿಗಳು 1966ರಲ್ಲಿಯೇ ಇದನ್ನು ವಿವರಿಸಿದ್ದರು. ವೈಬ್ರೇಷನ್ ಮಷಿನ್ ಮಾಡುವುದೂ ಇಷ್ಟೇ. ಮೂವತ್ತು ಹರ್ಟ್ಸ್‌ಗೆ ಇಟ್ಟರೆ ಒಂದು ನಿಮಿಷಕ್ಕೆ 1800 ಸಲ ನಿಮ್ಮ ಪಾದವನ್ನು ತಟ್ಟುತ್ತದೆ.

ಹಳೆಯ ಕಥೆಯೂ ಸ್ವಾರಸ್ಯವಾಗಿದೆ. ಪ್ಯಾರಿಸ್ಸಿನ ಪ್ರಸಿದ್ಧ ನರರೋಗ ವೈದ್ಯ ಶಾರ್ಕೊ, ಪಾರ್ಕಿನ್ಸನ್ ರೋಗಿಗಳು ರೈಲು ಅಥವಾ ಕುದುರೆಗಾಡಿಯಲ್ಲಿ ಕುಲುಕಾಡಿ ಬಂದ ಮೇಲೆ ಆರಾಮಾಗಿರುವುದನ್ನು ಗಮನಿಸಿ, 1892ರಲ್ಲಿ ನಡುಗುವ ಕುರ್ಚಿಯ ಬಗ್ಗೆ ಉಪನ್ಯಾಸ ಕೊಟ್ಟಿದ್ದ. ನೀವು ಬೆಳಿಗ್ಗೆ ಹಾಲಿಗೆ ಹಾಕಿಕೊಳ್ಳುವ ಕಾರ್ನ್‌ಫ್ಲೇಕ್ಸ್‌ನ ಡಾಕ್ಟರ್ ಕೆಲ್ಲಾಗ್ ಕೂಡ ಅಮೆರಿಕದ ತನ್ನ ಆರೋಗ್ಯಧಾಮದಲ್ಲಿ ಇಂಥ ಕುರ್ಚಿಗಳನ್ನು ಇಟ್ಟಿದ್ದ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ನಜರೋವ್ ಜಿಮ್ನಾಸ್ಟಿಕ್ಸ್ ಪಟುಗಳ ತರಬೇತಿಗೆ ಕಂಪನವನ್ನು ತಂದ. 1990ರ ದಶಕದಲ್ಲಿ ಇಟಲಿಯ ಕಾರ್ಮೆಲೊ ಬೋಸ್ಕೊ ಅದನ್ನು ಪ್ರಯೋಗಶಾಲೆಗೆ ತಂದು ಅಳೆದ. ವಾಲಿಬಾಲ್ ಆಡುವ ಮಹಿಳೆಯರ ಒಂದು ಕಾಲಿಗೆ ಮಾತ್ರ ಕಂಪನ ಕೊಟ್ಟು ಇನ್ನೊಂದು ಕಾಲನ್ನು ಹೋಲಿಕೆಗೆ ಬಿಟ್ಟ. ಕಂಪನ ಪಡೆದ ಕಾಲು ಆಮೇಲೆ ಹೆಚ್ಚು ಬಲದಿಂದ ತಳ್ಳಿತು. ಅಲ್ಲಿಂದ ಜಿಮ್‌ಗಳಿಗೆ, ಫುಟ್‌ಬಾಲ್ ಕ್ಲಬ್‌ಗಳಿಗೆ, ಕೊನೆಗೆ ನಮ್ಮ ಮೊಬೈಲಿನ ಜಾಹೀರಾತಿಗೆ ಬಂತು.

ಬೋಸ್ಕೊನ ಆ ಪ್ರಯೋಗದಲ್ಲಿ ಇದ್ದ ಆಟಗಾರ್ತಿಯರು ಆರು ಜನ. ಹೌದು, ಆರೇ ಜನ.

ಇದನ್ನು ಅವನ ತಪ್ಪು ಎಂದು ಹೇಳುತ್ತಿಲ್ಲ. ಹೊಸ ವಿಚಾರಗಳು ಹೀಗೆಯೇ ಸಣ್ಣದಾಗಿ ಶುರುವಾಗುತ್ತವೆ. ಆದರೆ ಆಮೇಲೆ ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳೂ ಹೆಚ್ಚಿನವು ಹತ್ತು, ಇಪ್ಪತ್ತು, ಮೂವತ್ತು ಜನರವೇ. ಅವುಗಳನ್ನು ಒಟ್ಟಿಗೆ ಇಟ್ಟು ಓದಿದರೆ ನನಗೆ ಕಾಣುವುದು ಇಷ್ಟು. ಹಲಗೆಯಿಂದ ಇಳಿದ ಕೆಲವು ನಿಮಿಷಗಳ ಮಟ್ಟಿಗೆ ನಿಂತಲ್ಲೇ ಜಿಗಿಯುವ ಎತ್ತರ ಕೆಲವರಲ್ಲಿ ಸ್ವಲ್ಪ ಹೆಚ್ಚಾಗುತ್ತದೆ. ತೊಡೆಯ ಹಿಂಭಾಗದ ಬಿಗಿತ ಸ್ವಲ್ಪ ಸಡಿಲವಾಗುತ್ತದೆ. ನೇರ ಓಟದ ವೇಗದಲ್ಲಿ, ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವುದರಲ್ಲಿ ಫಲ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ವಾರಗಟ್ಟಲೆ ಮಾಡಿಸಿದ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಆಟಗಾರರು ಹಲಗೆಯ ಮೇಲೆ ಸುಮ್ಮನೆ ನಿಲ್ಲುವುದಿಲ್ಲ, ಬಸ್ಕಿ ಹೊಡೆಯುತ್ತಾರೆ. ಅದೇ ಬಸ್ಕಿಯನ್ನು ನೆಲದ ಮೇಲೆ ಹೊಡೆದವರಿಗೂ ಬಲ ಬರುತ್ತದೆ. ಹಾಗಾದರೆ ಬಲ ಕೊಟ್ಟದ್ದು ಬಸ್ಕಿಯೋ ಹಲಗೆಯೋ? ಇನ್ನೊಂದು ತೊಡಕು ಎಂದರೆ, ಮಾತ್ರೆಯ ಪರೀಕ್ಷೆಯಲ್ಲಿ ಸುಳ್ಳು ಮಾತ್ರೆ ಕೊಡಬಹುದು, ಆದರೆ ಕಾಲ ಕೆಳಗಿನ ಹಲಗೆ ನಡುಗುತ್ತಿದೆಯೋ ಇಲ್ಲವೋ ಎಂಬುದನ್ನು ಆಟಗಾರನಿಂದ ಮುಚ್ಚಿಡುವುದು ಹೇಗೆ? "ನನಗೆ ಹೊಸ ಮಷಿನ್ ಸಿಕ್ಕಿದೆ" ಎಂಬ ಹುರುಪಿಗೂ ಒಂದೆರಡು ಸೆಂಟಿಮೀಟರ್ ಜಿಗಿತ ಬರುತ್ತದೆ.

ಫುಟ್‌ಬಾಲಿಗೆ ಸಂಬಂಧಿಸಿ ನನಗೆ ನಿಜಕ್ಕೂ ಇಷ್ಟವಾದ ಸಂಶೋಧನೆ ಹಾಫ್‌ಟೈಮ್ ಕುರಿತದ್ದು. 2004ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಆಟಗಾರರ ತೊಡೆಯ ಸ್ನಾಯುವಿನ ಉಷ್ಣತೆಯನ್ನು ಅಳೆದರು. ಹಾಫ್‌ಟೈಮ್‌ನಲ್ಲಿ ಸುಮ್ಮನೆ ಕುಳಿತವರ ಸ್ನಾಯು ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ತಣ್ಣಗಾಗಿತ್ತು, ಎರಡನೇ ಅರ್ಧದ ಶುರುವಿನಲ್ಲಿ ಅವರ ಓಟ ಸುಮಾರು 2.4 ಶೇಕಡಾ ನಿಧಾನವಾಗಿತ್ತು. ಕೊನೆಯ ಕೆಲವು ನಿಮಿಷ ಲಘುವಾಗಿ ಓಡಾಡಿದವರಿಗೆ ಆ ನಷ್ಟ ಆಗಲಿಲ್ಲ. ಆಮೇಲೆ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಅಧ್ಯಯನ ನಡೆಯಿತು. ಹಾಫ್‌ಟೈಮ್‌ನಲ್ಲಿ ಕಂಪನದ ಹಲಗೆ ಹತ್ತಿದವರು, ಅಡ್ಡಾದಿಡ್ಡಿ ಓಟದ ವ್ಯಾಯಾಮ ಮಾಡಿದವರು, ಸುಮ್ಮನೆ ಕುಳಿತವರು ಎಂದು ಮೂರು ಬಗೆಯಲ್ಲಿ ಹೋಲಿಸಿದರು. ಕುಳಿತವರ ಆಟ ಕುಂದಿತು. ಹಲಗೆ ಹತ್ತಿದವರ ವೇಗ, ಜಿಗಿತ ಉಳಿಯಿತು. ಓಡಾಡಿದವರದ್ದೂ ಉಳಿಯಿತು.

ಓಡಾಡುವುದಕ್ಕೆ ಕಂತು ಕಟ್ಟಬೇಕಾಗಿಲ್ಲ.

ದೊಡ್ಡ ಕ್ಲಬ್ಬುಗಳು ಯಾಕೆ ಇಟ್ಟುಕೊಂಡಿವೆ ಎಂದು ನೀವು ಕೇಳಬಹುದು. ಅವರ ಹತ್ತಿರ ಐಸ್ ಸ್ನಾನದ ತೊಟ್ಟಿಯಿಂದ ಹಿಡಿದು ಎಲ್ಲವೂ ಇದೆ. ನೂರು ಸಾಧನಗಳಲ್ಲಿ ಇದೊಂದು. ಗಾಯವಾಗಿ ಓಡಲಾಗದವನಿಗೆ, ಫಿಸಿಯೋ ಪಕ್ಕದಲ್ಲಿ ನಿಂತು, ಅಳತೆ ಮಾಡಿ ಕೊಡುತ್ತಾರೆ. ಅಲ್ಲಿ ಇದಕ್ಕೆ ಒಂದು ಜಾಗ ಇದೆ, ನಾನು ಅಲ್ಲಗಳೆಯುವುದಿಲ್ಲ. "ಬಾಹ್ಯಾಕಾಶ ತಂತ್ರಜ್ಞಾನ" ಎಂಬ ಜಾಹೀರಾತಿನ ಹಿಂದೆಯೂ ಒಂದು ನಿಜವಿದೆ. ಬರ್ಲಿನ್ನಿನಲ್ಲಿ 20 ಯುವಕರನ್ನು ಎಂಟು ವಾರ ಹಾಸಿಗೆಯ ಮೇಲೆ ಮಲಗಿಸಿ, ಅರ್ಧದಷ್ಟು ಜನರಿಗೆ ಕಂಪನದ ಜೊತೆ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಸ್ನಾಯು, ಮೂಳೆಯ ಸವೆತ ಕಡಿಮೆಯಾಗಿತ್ತು. ಆದರೆ ನಿಮ್ಮ ಮಗ ಎಂಟು ವಾರ ಮಲಗಿಲ್ಲ. ಗೇಟಿನ ಹತ್ತಿರ ಬೂಟು ಹಾಕಿಕೊಂಡು ಕಾಯುತ್ತಿದ್ದಾನೆ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ದೊಡ್ಡ ಮಟ್ಟದ ಪಂದ್ಯದಲ್ಲಿ ಆಟಗಾರ 90 ನಿಮಿಷದಲ್ಲಿ ಹತ್ತರಿಂದ ಹದಿಮೂರು ಕಿಲೋಮೀಟರ್ ಓಡುತ್ತಾನೆ. ಅವನ ಹೃದಯದ ಬಡಿತ ಸರಾಸರಿ ತನ್ನ ಗರಿಷ್ಠ ಮಟ್ಟದ 85 ಶೇಕಡಾ ಹತ್ತಿರ ಇರುತ್ತದೆ. ಒಂದೂವರೆ ಗಂಟೆ ಹಾಗೆ ಬಡಿಯಬಲ್ಲ ಹೃದಯ ಬೇಕು ಫುಟ್‌ಬಾಲಿಗೆ. ಕಂಪನದ ಹಲಗೆಯ ಮೇಲೆ ಸುಮ್ಮನೆ ನಿಂತವನ ದೇಹ ಬಳಸುವ ಹೆಚ್ಚುವರಿ ಆಮ್ಲಜನಕ ಸಾಧಾರಣ ನಡಿಗೆಯಷ್ಟು. ಕಾಲು ನಡುಗಿದ ಮಾತ್ರಕ್ಕೆ ಹೃದಯಕ್ಕೆ ತರಬೇತಿ ಆಗುವುದಿಲ್ಲ. ಹೊಟ್ಟೆ ಕರಗಿಸಲು ಕೊಳ್ಳಬೇಕೆಂದಿದ್ದವರಿಗೂ ಇದೇ ಉತ್ತರ. ಹತ್ತು ನಿಮಿಷ ಸೊಸೈಟಿಯ ಸುತ್ತ ನಡೆದಷ್ಟೇ ಲೆಕ್ಕ.

ಇಷ್ಟನ್ನು ಅವರಿಗೆ ಹೇಳಿ ಕಳಿಸಬಹುದಿತ್ತು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಆದರೆ ಆಟವಾಡುವ ಮಕ್ಕಳು ಬಂದರೆ ನಾನು ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ಓಡುವಾಗ ಯಾವತ್ತಾದರೂ ತಲೆಸುತ್ತಿ ಬಿದ್ದಿದ್ದಾನೆಯೇ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ?

ತಂದೆ ಇಲ್ಲ ಎಂದು ತಲೆಯಾಡಿಸಿದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ಮೇ ತಿಂಗಳದಾಗ ಒಮ್ಮೆ ಗ್ರೌಂಡಿನ್ಯಾಗ ಬಿದ್ದಿದ್ದ ನೋಡ್ರಿ. ಬಿಸಲಿಗೆ ಚಕ್ಕರ್ ಬಂದಿತ್ತು. ಲಿಂಬು ಶರಬತ್ತು ಕುಡಿಸಿದ ಮ್ಯಾಲ ಆರಾಮಾದ" ಎಂದರು.

"ಓಡ್ಕೋತ ಇದ್ದಾಗ ಬಿದ್ನೋ, ನಿಂತಾಗ ಬಿದ್ನೋ?" ಎಂದು ಹುಡುಗನನ್ನೇ ಕೇಳಿದೆ.

"ಬಾಲ್ ಹಿಂದ ಓಡ್ತಿದ್ದೆ ಅಂಕಲ್. ಆಮ್ಯಾಲ ಏನಾತು ಗೊತ್ತಿಲ್ಲ. ಕಣ್ಣು ತಗದಾಗ ಎಲ್ಲಾರೂ ಸುತ್ತ ನಿಂತಿದ್ರು."

ಆಗ ತಂದೆಗೂ ನೆನಪಾಯಿತು. "ನಮ್ಮ ಕಾಕಾ ಒಬ್ರಿದ್ರು. ಮೂವತ್ನಾಕಕ್ಕ ಹ್ವಾದ್ರು. ಹೊಲದಾಗ ಕೆಲಸ ಮಾಡ್ಕೋತ ಅಲ್ಲೇ ಬಿದ್ರಂತ. ಹಾವು ಕಡದದ ಅಂದ್ರು ಆಗ."

ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ಬಿಸಿಲಲ್ಲಿ ಬಹಳ ಹೊತ್ತು ನಿಂತು, ಕಣ್ಣು ಕತ್ತಲಿಟ್ಟು, ಬೆವರಿ, ನಿಧಾನವಾಗಿ ಕುಸಿಯುವುದು ಒಂದು ಬಗೆ. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಬೀಳುವುದು ಹಾಗೆ. ಅದು ಸಾಮಾನ್ಯವಾಗಿ ಅಪಾಯದ್ದಲ್ಲ. ಜೋರಾಗಿ ಓಡುತ್ತಿರುವಾಗಲೇ, ಮುನ್ಸೂಚನೆ ಇಲ್ಲದೆ, ಸ್ವಿಚ್ ಆಫ್ ಮಾಡಿದಂತೆ ಬೀಳುವುದು ಬೇರೆಯೇ ಬಗೆ. ಅದನ್ನು ಬಿಸಿಲು, ಉಪವಾಸ, ದೃಷ್ಟಿ ಎಂದು ಬಿಟ್ಟುಬಿಡಬಾರದು. ಅದು ಹೃದಯದ ಮಾತು ಎಂದು ಹಿಡಿದೇ ಪರೀಕ್ಷೆ ಮಾಡಿಸಬೇಕು, ಅಲ್ಲ ಎಂದು ಖಾತ್ರಿಯಾಗುವವರೆಗೆ ಆಟ ನಿಲ್ಲಿಸಬೇಕು.

ಇಸಿಜಿ ಮಾಡಿಸಿದೆ. ಐದು ನಿಮಿಷದ ಕೆಲಸ. ಅದರಲ್ಲಿ ಅಲೆಗಳು ತಿರುಗಾಮುರುಗಾ. ಎಕೋ ಮಾಡಿದೆ. ಹೃದಯದ ಎಡ, ಬಲ ಕೋಣೆಗಳ ನಡುವಿನ ಗೋಡೆ ಸಾಮಾನ್ಯವಾಗಿ ಹನ್ನೊಂದು, ಹನ್ನೆರಡು ಮಿಲಿಮೀಟರ್ ಒಳಗೆ ಇರಬೇಕು. ಇವನದು ಹತ್ತೊಂಬತ್ತು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಹೆಸರು. ಸರಳವಾಗಿ ಹೇಳಬೇಕೆಂದರೆ ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪವಾಗುವ, ವಂಶವಾಹಿಯಲ್ಲಿ ಬರುವ ಸ್ಥಿತಿ. ಸುಮಾರು ಐನೂರು ಜನರಲ್ಲಿ ಒಬ್ಬರಿಗೆ ಇರುತ್ತದೆ. ಅದೇನೂ ಅಪರೂಪವಲ್ಲ, ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅಷ್ಟು ಜನ ಸೇರುತ್ತಾರೆ. ಬಹಳಷ್ಟು ಜನ ಗೊತ್ತೇ ಇಲ್ಲದೆ ಪೂರ್ತಿ ಆಯುಷ್ಯ ಬದುಕುತ್ತಾರೆ. ಕೆಲವರಲ್ಲಿ ಮಾತ್ರ, ವಿಶೇಷವಾಗಿ ಹರೆಯದವರಲ್ಲಿ, ಜೋರು ಶ್ರಮದ ನಡುವೆ ಹೃದಯದ ವಿದ್ಯುತ್ ಲಯ ಕೆಟ್ಟು ಬಡಿತ ನಿಂತುಬಿಡುತ್ತದೆ. ತಂದೆ ಅಥವಾ ತಾಯಿಗೆ ಈ ವಂಶವಾಹಿ ದೋಷ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಾಕಾನಿಗೆ ಕಚ್ಚಿದ್ದು ಬಹುಶಃ ಹಾವಲ್ಲ.

ಫುಟ್‌ಬಾಲ್ ಮೈದಾನದಲ್ಲಿ ಇದು ಹೊಸದೇನಲ್ಲ. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಯಾಮರೂನ್ ತಂಡದ ಮಾರ್ಕ್ ವಿವಿಯನ್ ಫೋ ಮೈದಾನದ ಮಧ್ಯೆ ಕುಸಿದು ತೀರಿಕೊಂಡಾಗ ಕಾರಣ ಇದೇ ರೋಗ ಎಂದು ಮರಣೋತ್ತರ ಪರೀಕ್ಷೆ ಹೇಳಿತು. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣವೂ ಒಂದು ಸಾವನ್ನು ಕಂಡಿದೆ. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೋ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನ್ ವಿರುದ್ಧ ಗೋಲು ಹೊಡೆಯುವಾಗ ಗೋಲಿಯ ಜೊತೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ಅವರ ಕಾರಣ ಬೇರೆ ಇರಬಹುದು. ಆದರೆ ಆ ದಿನ ಟಿವಿಯಲ್ಲಿ ನೋಡಿದವರಿಗೆ ನೆನಪಿರುವುದು ಮೈದಾನದಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದ ಜನ.

ಅದರ ಪಕ್ಕಕ್ಕೆ 2021ರ ಜೂನ್ 12ನ್ನು ಇಡಿ. ಕೋಪನ್‌ಹೇಗನ್, ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಪಂದ್ಯ. ಕ್ರಿಸ್ಟಿಯನ್ ಎರಿಕ್ಸನ್ ಬಿದ್ದ ಕೂಡಲೇ ಎದೆ ಒತ್ತಲು ಶುರು ಮಾಡಿದರು, ಡಿಫಿಬ್ರಿಲೇಟರ್ ತಂದು ಶಾಕ್ ಕೊಟ್ಟರು. ಮೈದಾನದಲ್ಲಿಯೇ ಎಚ್ಚರವಾಯಿತು. ಎದೆಯೊಳಗೆ ಐಸಿಡಿ ಎಂಬ ಪುಟ್ಟ ಸಾಧನ ಹಾಕಿಸಿಕೊಂಡು ಮರುವರ್ಷ ಇಂಗ್ಲೆಂಡಿನ ಲೀಗ್‌ನಲ್ಲಿ ಆಡಿದರು, ವಿಶ್ವಕಪ್ ಆಡಿದರು. ಬಡಿತ ನಿಂತ ಮೇಲೆ ಶಾಕ್ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಏಳರಿಂದ ಹತ್ತು ಶೇಕಡಾ ಇಳಿಯುತ್ತದೆ. ಪುಣೆ, ಮುಂಬೈ ಟ್ರಾಫಿಕ್ಕಿನಲ್ಲಿ ಆಂಬ್ಯುಲೆನ್ಸ್ ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ನಿಮಗೇ ಗೊತ್ತು.

ಹಾಗಾಗಿ ಮೂವತ್ತೆಂಟು ಸಾವಿರ ರೂಪಾಯಿ ಖರ್ಚು ಮಾಡಲು ಅಕಾಡೆಮಿಗಳಿಗೆ ಮನಸ್ಸಿದ್ದರೆ ಅದನ್ನು ಡಿಫಿಬ್ರಿಲೇಟರ್ ನಿಧಿಗೆ ಹಾಕಲಿ ಎಂಬುದು ನನ್ನ ಅಭಿಪ್ರಾಯ. ಮೂವತ್ತು ಪಾಲಕರು ಸೇರಿದರೆ ಒಂದನ್ನು ಕೊಳ್ಳಬಹುದು. ಕೋಚ್‌ಗೆ, ಲೈನಿನಾಚೆ ಕುಳಿತ ಅಪ್ಪ ಅಮ್ಮಂದಿರಿಗೆ ಎದೆ ಒತ್ತುವುದನ್ನು ಕಲಿಸಿ. ಎದೆಯ ನಡುಮಧ್ಯೆ ಎರಡೂ ಕೈ ಇಟ್ಟು, ಐದು ಸೆಂಟಿಮೀಟರ್ ಒಳಕ್ಕೆ ಹೋಗುವಷ್ಟು, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಒಬ್ಬರು ಒತ್ತಲಿ, ಒಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಪಕ್ಕೆಲುಬು ಮುರಿದೀತೆಂದು ಹೆದರಬೇಡಿ. ಮುರಿದ ಪಕ್ಕೆಲುಬು ಕೂಡುತ್ತದೆ.

ಎಲ್ಲ ಮಕ್ಕಳಿಗೂ ಇಸಿಜಿ ಬೇಕೇ ಎಂಬ ಬಗ್ಗೆ ನಮ್ಮಲ್ಲೇ ಜಗಳವಿದೆ. ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡೆಗೆ ಇಳಿಯುವವರಿಗೆ ಕಾನೂನಿನ ಪ್ರಕಾರ ಇಸಿಜಿ ಸೇರಿದ ಪರೀಕ್ಷೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2004ರ ಹೊತ್ತಿಗೆ 0.4ಕ್ಕೆ ಇಳಿಯಿತು. ಇಸ್ರೇಲ್ ಅದೇ ಕಾನೂನು ಮಾಡಿತು, ಅಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಸಿಜಿ ಕೆಲವೊಮ್ಮೆ ಸುಮ್ಮಸುಮ್ಮನೆ ಹೆದರಿಸುತ್ತದೆ, ಆರೋಗ್ಯವಂತ ಹುಡುಗನನ್ನು ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂರಿಸುತ್ತದೆ, ಅದೂ ನಿಜ. ನನ್ನ ಮಗ ಅಕಾಡೆಮಿಗೆ ಹೋಗುವುದಾದರೆ ನಾನು ಒಮ್ಮೆ ಮಾಡಿಸುತ್ತೇನೆ. ಆದರೆ ಪ್ರಶ್ನೆಗಳನ್ನು ಕೇಳಲು ಯಾವ ಯಂತ್ರವೂ ಬೇಡ. ಓಡುವಾಗ ಪ್ರಜ್ಞೆ ತಪ್ಪಿದ್ದು, ಎದೆ ನೋವು, ಸುಮ್ಮನೆ ಕುಳಿತಾಗಲೂ ಎದೆ ಡವಡವ ಹೊಡೆದುಕೊಳ್ಳುವುದು, ಜೊತೆಯವರಿಗಿಂತ ಬೇಗ ಏದುಸಿರು, ಮನೆತನದಲ್ಲಿ ಐವತ್ತರೊಳಗೆ ಹಠಾತ್ ಸಾವು ಇವುಗಳಲ್ಲಿ ಒಂದಿದ್ದರೂ ಹೃದಯ ವೈದ್ಯರಿಗೆ ತೋರಿಸಿ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕುಳಿತು ಕೇಳಿ, ಯಾರ್ಯಾರು ಹೇಗೆ ಹೋದರು ಎಂದು. ಊರು ಬಿಟ್ಟ ನಮಗೆ ಈ ಕಥೆಗಳೇ ಗೊತ್ತಿರುವುದಿಲ್ಲ. ಬಾವಿಗೆ ಜಾರಿ ಬಿದ್ದರು, ಗಾಳಿ ಸೋಕಿತು, ಹಾವು ಕಚ್ಚಿತು ಎಂಬ ಮಾತುಗಳ ಒಳಗೆ ಎಷ್ಟೋ ಸಲ ಹೃದಯ ಅಡಗಿರುತ್ತದೆ. ಇನ್ನೊಂದು, ಜ್ವರ ಇರುವಾಗ, ವೈರಲ್ ಜ್ವರ ಬಿಟ್ಟ ಮರುದಿನವೇ ಮಕ್ಕಳನ್ನು ಮೈದಾನಕ್ಕೆ ಕಳಿಸಬೇಡಿ. ಹೃದಯದ ಸ್ನಾಯುವಿಗೂ ಆ ವೈರಸ್ ತಗುಲಿರಬಹುದು.

ಮಷಿನ್ ಈಗಾಗಲೇ ಮನೆಯಲ್ಲಿ ಇದೆ ಎನ್ನುವವರು ಗಾಬರಿಯಾಗಬೇಡಿ. ಆರೋಗ್ಯವಂತ ಹುಡುಗನಿಗೆ ಅದು ವಿಷವಲ್ಲ. ಮೊಣಕಾಲು ಬಾಗಿಸಿಯೇ ನಿಲ್ಲಬೇಕು, ಕಂಬದಂತೆ ನೆಟ್ಟಗೆ ನಿಂತರೆ ನಡುಕ ನೇರ ಬೆನ್ನುಮೂಳೆಗೆ, ತಲೆಗೆ ಏರುತ್ತದೆ. ಒಮ್ಮೆಗೆ ಅರ್ಧ ನಿಮಿಷದಿಂದ ಒಂದು ನಿಮಿಷ, ನಡುವೆ ಅಷ್ಟೇ ವಿರಾಮ, ಐದಾರು ಸಲ ಸಾಕು. ಒಂದು ಲೆಕ್ಕ ಹೇಳುತ್ತೇನೆ. ಹಲಗೆ ನಡುವಿನಿಂದ ಎರಡು ಮಿಲಿಮೀಟರ್ ಮೇಲೆ, ಎರಡು ಮಿಲಿಮೀಟರ್ ಕೆಳಗೆ, ಸೆಕೆಂಡಿಗೆ 30 ಸಲ ಆಡಿದರೆ ಅದು ಪಾದಕ್ಕೆ ಕೊಡುವ ವೇಗೋತ್ಕರ್ಷ ಭೂಮಿಯ ಗುರುತ್ವದ ಏಳು ಪಟ್ಟು. ಲಾರಿ, ಟ್ರ್ಯಾಕ್ಟರ್ ಚಾಲಕರಿಗೆ ಬರುವ ಬೆನ್ನುನೋವಿಗೆ ದಿನವಿಡೀ ಮೈಗೆ ಬೀಳುವ ನಡುಕವೂ ಒಂದು ಕಾರಣ ಎಂಬುದು ನೆನಪಿರಲಿ.

ಅಮ್ಮನ ಮೂಳೆ ಸವೆತಕ್ಕೆ ಎಂದು ಕೇಳಿದವರಿಗೂ ಎರಡು ಮಾತು. 2001ರಲ್ಲಿ ಅಮೆರಿಕದಲ್ಲಿ ಕುರಿಗಳನ್ನು ಒಂದು ವರ್ಷ ದಿನಕ್ಕೆ 20 ನಿಮಿಷ ಬಹಳ ಮೆಲ್ಲಗೆ ನಡುಗುವ ಹಲಗೆಯ ಮೇಲೆ ನಿಲ್ಲಿಸಿದಾಗ ತೊಡೆಮೂಳೆಯ ಒಳಭಾಗದ ಸಾಂದ್ರತೆ 34 ಶೇಕಡಾ ಹೆಚ್ಚಿತ್ತು. ಜಗತ್ತು ಕುಣಿಯಿತು. ಆ ನಡುಕ ಗುರುತ್ವದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಮಾರುಕಟ್ಟೆಯ ಮಷಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಟೊರಾಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ಅದೇ ಮೆಲುನಡುಕವನ್ನು ಒಂದು ವರ್ಷ ಪರೀಕ್ಷಿಸಿದರು. 2011ರಲ್ಲಿ ಫಲಿತಾಂಶ ಬಂತು, ಮೂಳೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅಮ್ಮ ಕುರಿಯಲ್ಲ. ಅವರಿಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿ, ರಾಗಿ ಮುದ್ದೆ ಕೊಡಿ, ಬೇಕಾದರೆ ಔಷಧಿ ಬರೆಸಿಕೊಳ್ಳಿ.

ಪೇಸ್‌ಮೇಕರ್ ಇರುವವರು ಆ ಹಲಗೆಯ ಹತ್ತಿರವೂ ಹೋಗಬಾರದು. ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು, ಸೊಸೆ ಅಡುಗೆಮನೆಯಲ್ಲಿದ್ದಾಗ ಕುತೂಹಲಕ್ಕೆ ಹತ್ತಿ ಬಟನ್ ಒತ್ತಿದರು. ಎದೆ ಓಡತೊಡಗಿತು, ಹೆದರಿ ನನಗೆ ಫೋನ್ ಮಾಡಿಸಿದರು. ಆದದ್ದು ಇಷ್ಟು. ಕೆಲವು ಪೇಸ್‌ಮೇಕರ್‌ಗಳಲ್ಲಿ ಮೈ ಅಲುಗಾಟವನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಯಜಮಾನರು ನಡೆಯುತ್ತಿದ್ದಾರೆ ಎಂದುಕೊಂಡು ಅದು ಬಡಿತ ಏರಿಸುತ್ತದೆ. ನಿಂತಲ್ಲೇ ನಿಂತಿದ್ದ ಅಜ್ಜನನ್ನು ಮಷಿನ್ ಓಟದ ಸ್ಪರ್ಧೆಗೆ ಇಳಿಸಿತ್ತು. ಕೆಳಗಿಳಿದ ಮೇಲೆ ಸರಿಹೋಯಿತು. ಗುಂಡಿಬಿದ್ದ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗಲೂ ಕೆಲವರಿಗೆ ಇದು ಸ್ವಲ್ಪ ಆಗುತ್ತದೆ. ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಹೊಸದಾಗಿ ಆಪರೇಷನ್ ಆದವರು, ಪಿತ್ತಕೋಶದಲ್ಲಿ ಅಥವಾ ಮೂತ್ರಪಿಂಡದಲ್ಲಿ ಕಲ್ಲಿರುವವರು, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು, ಮೂರ್ಛೆ ರೋಗದವರು ಕೂಡ ದೂರ ಇರಿ.

ಹಾಗಾದರೆ ಮಗನ ಓಟ ಹೆಚ್ಚಲು ಏನು ಮಾಡಿಸಬೇಕು? ಫಿಫಾ ಇಲೆವೆನ್ ಪ್ಲಸ್ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ. ಓಟ, ಬಸ್ಕಿ, ಒಂಟಿಕಾಲಿನ ಸಮತೋಲನ, ಜಿಗಿತ, ಅಷ್ಟೇ. ಚೆಂಡು ಬಿಟ್ಟರೆ ಏನೂ ಬೇಡ. ನಾರ್ವೆಯಲ್ಲಿ 1892 ಬಾಲಕಿಯರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು, ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ, ಗಂಭೀರ ಗಾಯಗಳು ಅರ್ಧದ ಹತ್ತಿರ ಕಡಿಮೆ. ಗಾಯವಾಗದ ಹುಡುಗ ವರ್ಷವಿಡೀ ಆಡುತ್ತಾನೆ, ಆಡಿದವನ ಓಟ ಹೆಚ್ಚುತ್ತದೆ. ಜೊತೆಗೆ ಎಂಟರಿಂದ ಹತ್ತು ಗಂಟೆ ನಿದ್ದೆ. ಬೆಳಗಿನ ಐದಕ್ಕೆ ಟ್ಯೂಷನ್, ಸಂಜೆ ಏಳಕ್ಕೆ ಮೈದಾನ, ರಾತ್ರಿ ಹನ್ನೆರಡರವರೆಗೆ ಮೊಬೈಲ್ ಎಂದರೆ ಯಾವ ಹಲಗೆಯೂ ಕಾಪಾಡುವುದಿಲ್ಲ. ನಮ್ಮವರು 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಕಟ್ಟಿಕೊಂಡು ಮುಂಬೈಗೆ ಬಂದು ರೋವರ್ಸ್ ಕಪ್ ಗೆದ್ದು ಹೋಗಿದ್ದಾರೆ. ಆಗ ಎಲ್ಲಿತ್ತು ಮಷಿನ್?

ಆ ಮನೆಯವರು ಮಷಿನ್ ಬುಕಿಂಗ್ ರದ್ದು ಮಾಡಿದರು. ಮುಂಗಡ ವಾಪಸು ಬಂದಿಲ್ಲ, ಅದು ಬೇರೆ ಮಾತು. ತಂದೆಗೂ ಎಕೋ ಮಾಡಿದೆವು. ಅವರ ಹೃದಯದ ಗೋಡೆಯೂ ದಪ್ಪವೇ, ಆದರೆ ಇಷ್ಟು ವರ್ಷ ಏನೂ ತೊಂದರೆ ಕೊಟ್ಟಿಲ್ಲ. ಅವರು ರಿಪೋರ್ಟ್ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. "ನನ್ನಿಂದ ಹೋಗ್ಯದಲ್ರಿ ಅವಗ" ಎಂದಷ್ಟೇ ಹೇಳಿದರು. ಹಾಗೆ ಅಂದುಕೊಳ್ಳಬೇಡಿ ಎಂದು ನಾನು ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ.

ಹುಡುಗನಿಗೆ ಸದ್ಯ ಆಟ ಬಂದ್. ಬಡಿತವನ್ನು ದಿನಪೂರ್ತಿ ದಾಖಲಿಸುವ ಹೋಲ್ಟರ್ ಮುಗಿದಿದೆ, ಮಾತ್ರೆ ಶುರುವಾಗಿದೆ, ಎಂಆರ್‌ಐ ಆಗಿದೆ. ಓಡುವಾಗ ಬಿದ್ದ ಹುಡುಗ ಆದ್ದರಿಂದ ಐಸಿಡಿ ಹಾಕುವ ಬಗ್ಗೆಯೂ ಮಾತುಕತೆ ನಡೆದಿದೆ. ಮೊದಲೆಲ್ಲ ಈ ರೋಗ ಎಂದರೆ ಆಟ ಜೀವನಪೂರ್ತಿ ಬಂದ್ ಎಂದು ಬರೆದುಬಿಡುತ್ತಿದ್ದೆವು. ಈಗ ಅಪಾಯವನ್ನು ಅಳೆದು, ರೋಗಿ ಮತ್ತು ಮನೆಯವರ ಜೊತೆ ಕುಳಿತು ತೀರ್ಮಾನಿಸಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಹದಿನೈದು ವರ್ಷದವನ ಜೊತೆ ಕುಳಿತು ತೀರ್ಮಾನಿಸುವುದು ಬರೆದಷ್ಟು ಸುಲಭವಲ್ಲ.

ಹೋದ ಸಲ ಬಂದಾಗ ಅವನು ಹೊರಡುತ್ತಾ ಬಾಗಿಲಲ್ಲಿ ನಿಂತ. ಅಪ್ಪ ಅಮ್ಮ ಲಿಫ್ಟಿನ ಹತ್ತಿರ ಹೋಗಿದ್ದರು. "ಅಂಕಲ್, ಗೋಲ್‌ಕೀಪರ್ ಆಗಿ ನಿಂತ್ರ ಓಡೂದು ಕಡಿಮಿ ಇರ್ತದಲ್ಲ?" ಎಂದು ಕೇಳಿದ.

ರಿಪೋರ್ಟ್ ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಗುರುವಾರ ಬರುತ್ತದೆ.